ದುರಗಪ್ಪನವರ ಹಾಡಿನ ಪೆಟ್ಟಿಗೆಯೂ ರೇಣುಕಮ್ಮನವರ ಮೊಸರೂ

ದುರಗಪ್ಪನವರನ್ನು ಮೊದಲ ಸಲ ಕಂಡ ದಿನ ಅವರು ತಮ್ಮ ಹಿತ್ತಲಿನಲ್ಲಿ ಒಂದು ಎಮ್ಮೆಯ ಎದುರು ಕೈಮುಗಿದು ನಿಂತಿದ್ದರು. ಕಿವಿಗಳ ಮೇಲೆ ಎರಡು ಬೋಗುಣಿ ಕವುಚಿದಂಥ ಹೆಡ್‌ಫೋನು. ಅದರ ಉದ್ದನೆಯ ತಂತಿ ಹಿತ್ತಲ ಬಾಗಿಲು ದಾಟಿ ಮನೆಯೊಳಗೆ ಹೋಗಿತ್ತು. ಕೊಪ್ಪಳದ ಆ ಹೊಸ ಬಡಾವಣೆಯಲ್ಲಿ ಎಮ್ಮೆ ಕಟ್ಟಿದ್ದವರು ಅವರೊಬ್ಬರೇ ಆದ್ದರಿಂದ, ತಂಬಿಗೆ ಹಿಡಿದು ಹಾಲಿಗೆ ಬಂದ ನಾನು ಬೇಲಿಯಾಚೆ ನಿಂತು ಈ ಪೂಜೆಯನ್ನು ನೋಡಬೇಕಾಯಿತು.

"ಚಂದ್ರವ್ವಾ, ಐದು ನಿಮಿಷ ತಲಿ ಅಲ್ಲಾಡಿಸಬ್ಯಾಡ ನಮ್ಮವ್ವಾ," ಎಂದು ದುರಗಪ್ಪನವರು ಎಮ್ಮೆಯನ್ನು ಬೇಡಿಕೊಂಡರು.

ಚಂದ್ರವ್ವ ಕೂಡಲೇ ತಲೆ ಅಲ್ಲಾಡಿಸಿತು.

"ಬಂತು! ಕಟಕಟ ಬಂತು!" ಎಂದು ದುರಗಪ್ಪನವರು ಕೂಗಿದರು.

"ಇಲ್ಲಿ ಮೀಟರೂ ಕುಣೀತ್ರಿ ಸಾಹೇಬ್ರ!" ಎಂದು ಒಳಗಿನಿಂದ ಇನ್ನೊಂದು ದನಿ ಕೂಗಿತು.

ದುರಗಪ್ಪನವರ ಪತ್ನಿ ರೇಣುಕಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಹಾಲು ಸಿಗ್ತಾವ್ರಿ, ತಡೀರಿ. ಎಮ್ಮಿ ಹಿಂಡೂದು ನನ್ನ ಕೆಲಸ, ಎಮ್ಮಿ ಕೂಡ ಮಾತಾಡೂದು ಇವರ ಕೆಲಸ. ಇವರ ಕೆಲಸ ಮುಗಿಯೂತನಕ ನನ್ನ ಕೆಲಸ ಸುರು ಆಗಂಗಿಲ್ಲ," ಎಂದರು.

ದುರಗಪ್ಪನವರು ಹುಚ್ಚರಲ್ಲ. ಮುನಿರಾಬಾದಿನಲ್ಲಿ ಮೂವತ್ತನಾಲ್ಕು ವರ್ಷ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಗೇಟಿನ ಹಲ್ಲುಚಕ್ರ ತಿರುಗುವ ಸಪ್ಪಳವನ್ನು ಕೇಳಿಯೇ ಎಲ್ಲಿ ಗ್ರೀಸು ಕಡಿಮೆಯಾಗಿದೆ, ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದರಂತೆ. ಎಂಜಿನಿಯರುಗಳು ಕಾಗದ ನೋಡುವುದರೊಳಗೆ ಇವರು ಸ್ಪ್ಯಾನರು ಹಿಡಿದಿರುತ್ತಿದ್ದರು. ಅಂಥ ಕಿವಿಗೆ ನಿವೃತ್ತಿಯಾದ ಮೇಲೆ ಕೆಲಸವಿಲ್ಲದಂತಾಯಿತು. ಮೊದಮೊದಲು ಅದು ಮನೆಯೊಳಗೇ ತಿರುಗಾಡಿತು. "ರೇಣುಕಾ, ಮಿಕ್ಸರಿನ ಬುಷ್ ಹೋಗೈತಿ. ಬಾಗಲದ ತಿರುಗಣಿಗೆ ಎಣ್ಣಿ ಬೇಕು. ನೀ ರೊಟ್ಟಿ ಬಡಿಯೂದರಾಗ ಎಡಗೈ ಪೆಟ್ಟು ಕಡಿಮಿ ಬೀಳಾಕತ್ತೈತಿ." ರೊಟ್ಟಿಯ ಮಾತು ಬಂದ ದಿನ ರೇಣುಕಮ್ಮ ಅವರಿಗೆ ಊಟ ಬಡಿಸದೆ, "ಏನಾರ ಮಾಡ್ರಿ, ನಿಮ್ಮ ಕಿವಿಗೆ ಬ್ಯಾರೆ ಒಂದು ನೌಕರಿ ಹಚ್ಚಿಕೊಡ್ರಿ," ಎಂದರು.

ಆ ನೌಕರಿ ಸಿಕ್ಕಿದ್ದು ಗಂಗಾವತಿಯಲ್ಲಿ. ಅಲ್ಲಿ ಯೂಸುಫ ಎಂಬವರ ರೇಡಿಯೋ ರಿಪೇರಿ ಅಂಗಡಿಯಿದೆ. ದುರಗಪ್ಪನವರದೇ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ, ಬೆರಳ ತುದಿಯಲ್ಲಿ ಸದಾ ಬೆಸುಗೆಯ ಕಲೆ. ಅವರು ಒಂದು ದಿನ ದುರಗಪ್ಪನವರನ್ನು ಕೂರಿಸಿ, ಹಾರ್ಮೋನಿಯಂ ನುಡಿಸುವವನು ಉಸಿರೆಳೆದುಕೊಳ್ಳುವ ಸಪ್ಪಳವೂ ಕೇಳುವಂಥ ಒಂದು ಯಂತ್ರದಲ್ಲಿ ಹಾಡು ಹಾಕಿದರು. ದುರಗಪ್ಪನವರು ಹಾಡು ಮುಗಿದ ಮೇಲೂ ಏಳಲಿಲ್ಲ. "ಯೂಸುಫಣ್ಣಾ, ಅವಂಗ ನೆಗಡಿ ಆಗಿತ್ತು," ಎಂದರು. "ಸುಭಾನಲ್ಲಾ! ನಾ ಹತ್ತು ವರ್ಷದಿಂದ ಕೇಳಾಕತ್ತೀನಿ, ಇವತ್ತು ಗೊತ್ತಾತು ನೋಡ್ರಿ!" ಎಂದು ಯೂಸುಫರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. ಸ್ನೇಹ ಹೀಗೆ ಕುದುರಿತು.

ಯೂಸುಫರ ಬಳಿ ಇದ್ದದ್ದು ಮ್ಯೂಸಿಕ್ ಸರ್ವರ್. ಹೆಸರು ಮಾತ್ರ ದೊಡ್ಡದು. ಮನೆಯ ಹಾಡುಗಳನ್ನೆಲ್ಲ ಅಂಕಿಗಳಾಗಿಸಿ ತುಂಬಿಡುವ ಒಂದು ಪೆಟ್ಟಿಗೆ ಅದು. ಮೊಬೈಲಿನಲ್ಲಿ ಹೆಸರು ಒತ್ತಿದರೆ ಬೇಕಾದ ಹಾಡನ್ನು ಹುಡುಕಿಕೊಡುತ್ತದೆ. ಆ ಅಂಕಿಗಳನ್ನು ಮತ್ತೆ ದನಿಯಾಗಿಸಲು ಇನ್ನೊಂದು ಪೆಟ್ಟಿಗೆ, ದನಿಯನ್ನು ದೊಡ್ಡದು ಮಾಡಲು ಮತ್ತೊಂದು, ಕೊನೆಗೆ ಎದೆಯೆತ್ತರದ ಎರಡು ಸ್ಪೀಕರು. ಅಂಥದೊಂದನ್ನು ಮನೆಯಲ್ಲಿ ಕಟ್ಟಬೇಕೆಂದು ದುರಗಪ್ಪನವರು ಅಂದೇ ನಿಶ್ಚಯಿಸಿದರು. ಏಕೆಂದರೆ ಅವರಿಗೆ ಕೇಳಬೇಕಾದ ಹಾಡು ಒಂದೇ ಒಂದಿತ್ತು.

ಅದು ಅವರ ತಾಯಿ ಹನುಮಂತಮ್ಮನವರು ಹಾಡಿದ ಪದ. ದುರಗಪ್ಪನವರು ಹತ್ತನೆಯ ತರಗತಿಯಲ್ಲಿದ್ದಾಗ ಸೋದರಮಾವನೊಬ್ಬ ಟೇಪ್ ರೆಕಾರ್ಡರು ತಂದು, ಇಟಗಿಯ ಅವರ ಮನೆಯಲ್ಲಿ ಆಕೆಗೆ ತಿಳಿಯದಂತೆ ಒಂದು ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದ. ಹದಿಮೂರು ನಿಮಿಷದ ದನಿ. ತಾಯಿ ತೀರಿಕೊಂಡ ಮೇಲೆ ಆ ಕ್ಯಾಸೆಟ್ಟು ಅಕ್ಕ ಭೀಮಕ್ಕನ ಪಾಲಿಗೆ ಬಂದು, ಮರಳಿ ಎಂಬ ಊರಿನ ಅವರ ಮನೆಯ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಕುಳಿತಿತ್ತು. ಹಾಕಿ ಕೇಳುವ ಯಂತ್ರ ಕೆಟ್ಟು ಎಷ್ಟೋ ವರ್ಷಗಳಾಗಿದ್ದವು.

ದುರಗಪ್ಪನವರು ಮರಳಿಗೆ ಹೋಗಿ ಕೇಳಿದಾಗ ಭೀಮಕ್ಕ ಟ್ರಂಕಿನ ಮೇಲೆಯೇ ಕುಳಿತುಬಿಟ್ಟರು. "ನಿನಗ ಕೊಡೂದಾ? ಸಣ್ಣಾಂವ ಇದ್ದಾಗ ಗಡಿಯಾರ ಬಿಚ್ಚಿ ನೋಡ್ತೀನಿ ಅಂದಿ. ಅದು ಇನ್ನೂ ಬಿಚ್ಚಿಕೊಂಡೇ ಐತಿ."

"ಅಕ್ಕಾ, ಅವ್ವ ಎದುರಿಗೆ ಕುಂತು ಹಾಡಿದಂಗ ಕೇಳಿಸ್ತೀನಿ. ಬರೂ ವರ್ಷದ ಶ್ರಾವಣದಾಗ ಅವ್ವನ ಎಡಿ ಇಡೂ ದಿನ ನೀ ಬಾ."

ಭೀಮಕ್ಕ ಟ್ರಂಕಿನಿಂದ ಎದ್ದರು. "ಕೇಳಿಸಿದಿ ಅಂದ್ರ ವರ್ಷಾ ನಿನ್ನ ಮನಿಗೆ ಅಕ್ಕಿ ಹೊತ್ಕೊಂಡು ಬರ್ತೀನಿ. ಕೆಡಿಸಿದಿ ಅಂದ್ರ ನಿನ್ನ ಹೊಸ್ತಿಲ ತುಳಿಯಂಗಿಲ್ಲ ನೋಡು ತಮ್ಮಾ." ಭೀಮಕ್ಕ ಹಾಗೆಂದರೆ ಹಾಗೆಯೇ. ಹಿಂದೊಮ್ಮೆ ಪಕ್ಕದ ಮನೆಯವರೊಡನೆ ಮಾತು ಬಿಟ್ಟವರು ಇನ್ನೂ ಬಿಟ್ಟೇ ಇದ್ದರು, ಕಾರಣ ಮಾತ್ರ ಇಬ್ಬರಿಗೂ ಮರೆತುಹೋಗಿತ್ತು.

ಮೊದಲ ಸರ್ವರು ತಯಾರಾಯಿತು. ಊಟದ ಡಬ್ಬಿಯಷ್ಟು ಚಿಕ್ಕದು, ಆದರೆ ಅದರೊಳಗಿನ ಫ್ಯಾನು ಗುಂಯ್‌ಗುಡುತ್ತಿತ್ತು. ದುರಗಪ್ಪನವರ ಕಿವಿ ಅದನ್ನು ಸಹಿಸಲಿಲ್ಲವೆಂದು ಯೂಸುಫರು ಫ್ಯಾನನ್ನೇ ಕಿತ್ತರು. ಆಗ ಡಬ್ಬಿ ಸುಡತೊಡಗಿತು. ಆ ಸುಡುವ ಡಬ್ಬಿಗೇ ಕ್ಯಾಸೆಟ್ಟಿನ ಹಾಡನ್ನು ತುಂಬಿಸಿದರು. ಹಾಡು ಪೂರ್ತಿ ಇಳಿದು ಮುಗಿಯುವುದಕ್ಕೂ ಕ್ಯಾಸೆಟ್ಟಿನೊಳಗಿನ ಟೇಪು ಯೂಸುಫರ ಟೇಪ್ ರೆಕಾರ್ಡರಿನ ಉರುಳೆಗೆ ಅಂಟಿಕೊಂಡು, ಶಾವಿಗೆಯ ಹಾಗೆ ಸುತ್ತಿ, ಪುಡಿಪುಡಿಯಾಗುವುದಕ್ಕೂ ಸರಿಹೋಯಿತು. ಯೂಸುಫರು ಪುಡಿಯನ್ನು ಕ್ಯಾಸೆಟ್ಟಿನೊಳಗೆ ತುರುಕಿ ತಿರುಪು ಬಿಗಿದು, "ಹೊರಗಿಂದ ನೋಡಿದ್ರ ಗೊತ್ತಾಗಂಗಿಲ್ರಿ," ಎಂದರು. ದುರಗಪ್ಪನವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಇನ್ನು ಅವ್ವನ ದನಿ ಉಳಿದಿದ್ದರೆ ಪೆಟ್ಟಿಗೆಯಲ್ಲಿ ಮಾತ್ರ.

ಹಾಡು ಹಾಕಿ ನೋಡಿದರು. ಅವ್ವ ಹಾಡುತ್ತಿದ್ದರು, ನಿಜ. ಆದರೆ ಹಿಂದೆ "ಗುರ್ರ್... ಗುರ್ರ್..." ಎಂಬ ಸಪ್ಪಳ, ಒಮ್ಮೆ ಏರುವುದು, ಒಮ್ಮೆ ಇಳಿಯುವುದು. ದುರಗಪ್ಪನವರ ಒಂದೂವರೆ ವರ್ಷದ ತಪಸ್ಸು ಅಲ್ಲಿಂದ ಶುರುವಾಯಿತು.

ಸುಡುವ ಡಬ್ಬಿಯದೇ ತಪ್ಪೆಂದು ಹೊಸ ಸರ್ವರು ತರಿಸಿದರು. ಅದಕ್ಕೆ ಫ್ಯಾನೇ ಇಲ್ಲ. ಮೈತುಂಬ ಇಡ್ಲಿ ಪಾತ್ರೆಯಂಥ ಅಲ್ಯೂಮಿನಿಯಂ ಪದರುಗಳು. ಹಳೆಯ ಡಬ್ಬಿಯ ಹಾಡುಗಳನ್ನೆಲ್ಲ ಅದಕ್ಕೆ ನಕಲು ಮಾಡಿದರು. ಡಬ್ಬಿಯನ್ನು ಅಟ್ಟಕ್ಕೆ ಎಸೆಯಲು ಹೋದಾಗ ರೇಣುಕಮ್ಮ ಅಡ್ಡ ನಿಂತರು.

"ಅದನ್ನ ಎಸೀಬ್ಯಾಡ್ರಿ, ನನಗ ಬೇಕು."

"ನಿನಗ ಯಾಕ?"

"ಚಳಿಗಾಲದಾಗ ಮೊಸರು ಹೆಪ್ಪಾಗವಲ್ದು. ನಿನ್ನೆ ಇದರ ಮ್ಯಾಲೆ ಹಾಲಿನ ಗಡಿಗಿ ಇಟ್ಟಿದ್ನಿ, ಕತ್ತರಿಸಿ ತಿನ್ನೂವಂಥಾ ಮೊಸರಾಗೈತಿ. ನಿಮ್ಮ ಸಂಗೀತದಿಂದ ಈ ಮನಿಗೆ ಆದ ಉಪಕಾರ ಇದೊಂದ." ಆ ಸರ್ವರು ಅಂದಿನಿಂದ ಅಡುಗೆಮನೆಯ ಕಟ್ಟೆಯ ಮೇಲೆ, ಮೊಸರಿನ ಗಡಿಗೆಯ ಕೆಳಗೆ, ಹಗಲೂ ರಾತ್ರಿ ಉರಿಯುತ್ತ ಕುಳಿತಿತು.

ಹೊಸ ಪೆಟ್ಟಿಗೆಯಲ್ಲೂ ಗುರ್ರ್ ಹೋಗಲಿಲ್ಲ. ಪವರ್ ಸಪ್ಲೈ ಬದಲಾಯಿತು, ತಂತಿ ಬದಲಾಯಿತು. ನೆಲದ ನಡುಕ ತಗಲಬಾರದೆಂದು ಕುಷ್ಟಗಿಯಿಂದ ಕೆಂಪು ಗ್ರಾನೈಟಿನ ಚಪ್ಪಡಿ ತಂದು ಅದರ ಮೇಲೆ ಪೆಟ್ಟಿಗೆಯನ್ನು ಕೂರಿಸಿದರು. ಸಪ್ಪಳ ಏರಿಳಿಯುವುದರಿಂದ ಅದು ಪಕ್ಕದ ಮನೆಯ ಬೋರಿನ ಮೋಟರಿನದೇ ಇರಬೇಕೆಂದು ಹೋಗಿ, "ಹದಿಮೂರು ನಿಮಿಷ ನೀರು ಎತ್ತಬ್ಯಾಡ್ರಿ," ಎಂದು ಕೇಳಿಕೊಂಡರು. ತಲೆಗೆ ಸೋಪು ಹಚ್ಚಿಕೊಂಡಿದ್ದ ಆ ಮನೆಯ ಯಜಮಾನರು ಈಗಲೂ ಅವರನ್ನು ಕಂಡರೆ ಕಣ್ಣು ಉಜ್ಜಿಕೊಳ್ಳುತ್ತಾರೆ.

ಕೊನೆಗೆ ಯೂಸುಫರು, "ಸಾಹೇಬ್ರ, ಇದು ಅರ್ಥಿಂಗ್ ಕಾರಭಾರ ಐತ್ರಿ," ಎಂದರು. ಅರ್ಥಿಂಗ್ ಎಂದಾಕ್ಷಣ ದುರಗಪ್ಪನವರ ಹಳೆಯ ನೌಕರಿಯ ರಕ್ತ ಕುದಿಯಿತು. ಪಂಪ್‌ಹೌಸಿಗೆ ಹೇಗೆ ಮಾಡುತ್ತಿದ್ದರೋ ಹಾಗೆಯೇ ಹಿತ್ತಲಿನಲ್ಲಿ ಆಳೆತ್ತರದ ಗುಂಡಿ ತೋಡಿ, ಇದ್ದಿಲು ಒಂದು ಪದರು, ಉಪ್ಪು ಒಂದು ಪದರು ಹಾಕಿ, ನಡುವೆ ಕಬ್ಬಿಣದ ಪೈಪು ನಿಲ್ಲಿಸಿ, ಪೆಟ್ಟಿಗೆಯಿಂದ ಎಳೆದ ತಂತಿಯನ್ನು ಅದಕ್ಕೆ ಬಿಗಿದರು. ಅದಕ್ಕೆ ದಿನವೂ ಒಂದು ಕೊಡ ನೀರು ಹೊಯ್ಯುವರು. ಒಂದು ಹಾಡಿಗಾಗಿ ಕಾಲುವೆಯ ಪಂಪಿನಷ್ಟು ಅರ್ಥಿಂಗ್ ಪಡೆದ ಮನೆ ಕೊಪ್ಪಳದಲ್ಲಿ ಬೇರೊಂದಿರಲಾರದು.

ಗುರ್ರ್ ಹಾಗೆಯೇ ಉಳಿಯಿತು. ಅದರ ಮೇಲೆ ಕಟಕಟ ಎಂಬ ಹೊಸ ಸಪ್ಪಳ ಬೇರೆ ಸೇರಿತು! ಅದೂ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ದುರಗಪ್ಪನವರು ವೇಳೆಯನ್ನು ಬರೆದಿಟ್ಟರು, ಯೂಸುಫರು ಮೀಟರು ಹಿಡಿದು ಗಂಗಾವತಿಯಿಂದ ಬಂದರು. ಹೆಡ್‌ಫೋನು ಹಾಕಿಕೊಂಡು ತಂತಿಯ ಜಾಡು ಹಿಡಿದು ಹಿತ್ತಲಿಗೆ ಬಂದ ದುರಗಪ್ಪನವರಿಗೆ ಕಂಡದ್ದೇನು? ಅವರ ಪರಮಪವಿತ್ರ ಪೈಪಿಗೆ ಚಂದ್ರವ್ವನ ಸರಪಳಿ ಸುತ್ತಿತ್ತು. ಎಮ್ಮೆ ಉಪ್ಪಿನ ಆಸೆಗೆ ಗುಂಡಿಯ ಬಾಯನ್ನು ನೆಕ್ಕುತ್ತಿತ್ತು. ಅದು ತಲೆಯೆತ್ತಿದಾಗಲೆಲ್ಲ ಪೈಪು ಅಲುಗಿ, ತಂತಿ ಸಡಿಲಾಗಿ, ಒಳಗೆ ಕಟಕಟ. ಹಾಲಿಗೆ ಬಂದ ದಿನ ನಾನು ಬೇಲಿಯಾಚೆಯಿಂದ ನೋಡಿದ್ದು ಈ ಪರೀಕ್ಷೆಯನ್ನೇ.

"ರೇಣುಕಾ! ಇಲ್ಲಿ ಎಮ್ಮಿ ಕಟ್ಟಿದವರು ಯಾರು?"

"ನಾನ. ನನ್ನ ಗಂಡ ಎಂದೂ ಇಲ್ಲದ್ದು ಎಮ್ಮಿಗೆ ಇಂಥಾ ಗಟ್ಟಿ ಗೂಟ ಹಾಕಿಸ್ಯಾರ, ಅದಕ್ಕ ದಿನಾ ನೀರೂ ಹೊಯ್ತಾರ, ಉಪ್ಪೂ ಇಟ್ಟಾರ ಅಂತ ನಾಕು ಮಂದಿ ಮುಂದ ಹೊಗಳೀನಿ."

"ಅಮ್ಮಾರ, ಕರೆಂಟಿನ ಪೈಪಿಗೆ ಜೀವಂತ ಪ್ರಾಣಿ ಕಟ್ಟಬಾರದ್ರಿ," ಎಂದು ಯೂಸುಫರು ಹೆದರಿ ಎಮ್ಮೆಯನ್ನು ಬೇವಿನ ಗಿಡಕ್ಕೆ ಸಾಗಿಸಿದರು. ಗುಂಡಿಯ ಬಾಯಿಗೆ ಸಿಮೆಂಟಿನ ಮುಚ್ಚಳ ಬಿತ್ತು. ಕಟಕಟ ನಿಂತಿತು. ಬೇರೆಲ್ಲ ಹಾಡುಗಳೂ ಕನ್ನಡಿಯಂತೆ ಕೇಳತೊಡಗಿದವು. ಅವ್ವನ ಹಾಡಿನಲ್ಲಿ ಮಾತ್ರ ಗುರ್ರ್. ಪೆಟ್ಟಿಗೆ ಎಷ್ಟೆಷ್ಟು ಉತ್ತಮವಾಯಿತೋ ಅದು ಅಷ್ಟಷ್ಟು ಸ್ಪಷ್ಟವಾಯಿತು.

"ಇರ್ಲಿ ಬಿಡ್ರಿ. ನನಗ್ಯಾಕೋ ಆ ಸಪ್ಪಳಾನೂ ಛಲೋ ಅನಸ್ತೈತಿ," ಎಂದು ರೇಣುಕಮ್ಮ ಅಡುಗೆಮನೆಯಿಂದ ಹೇಳಿದರು.

"ನಿನಗೇನು ತಿಳೀತೈತಿ, ಸುಮ್ನಿರು," ಎಂದರು ದುರಗಪ್ಪನವರು. ಮೂವತ್ತನಾಲ್ಕು ವರ್ಷ ಗೇಟಿನ ಸಪ್ಪಳ ಕೇಳಿದ ಕಿವಿಯ ಅಹಂಕಾರವದು.

ಶ್ರಾವಣಕ್ಕೆ ಎರಡು ವಾರ ಉಳಿದಿತ್ತು. ಯೂಸುಫರ ಕಂಪ್ಯೂಟರಿನಲ್ಲಿ ಸಪ್ಪಳವನ್ನು ಗುರುತಿಸಿ ತೊಳೆದುಹಾಕುವ ಒಂದು ಸಾಫ್ಟ್‌ವೇರು ಇತ್ತು. ಇಬ್ಬರೂ ಮೂರು ದಿನ ಕುಳಿತು ಗುರ್ರನ್ನು ಬೇರುಸಹಿತ ಕಿತ್ತರು. ಹಾಡಿನ ನಡುವೆ ಅವ್ವ ಯಾರನ್ನೋ ಬೈಯುವ ನಾಲ್ಕು ಮಾತು ಬರುತ್ತಿದ್ದವು. ಯಾರನ್ನೋ ಏನು, ದುರಗಪ್ಪನವರನ್ನೇ. ಅದನ್ನೂ ಕತ್ತರಿಸೋಣವೆಂದು ದುರಗಪ್ಪನವರೇ ಸೂಚಿಸಿದರು. "ಹಾಡಿನ ಓಟ ಕೆಡತೈತಿ," ಎಂಬುದು ಅವರು ಕೊಟ್ಟ ಕಾರಣ. ತೊಳೆದ ಹಾಡನ್ನು ಹಳೆಯ ಹೆಸರಿನಲ್ಲಿಯೇ ಹೊಸ ಸರ್ವರಿನೊಳಗೆ ತುಂಬಿದಾಗ, ಮೊದಲಿನದು ಅಳಿದು ಹೊಸದು ಕುಳಿತಿತು. ಇಬ್ಬರೂ ಕೈಕುಲುಕಿ ಚಹಾ ಕುಡಿದರು.

ಎಡೆ ಇಡುವ ದಿನ ಭೀಮಕ್ಕ ಮರಳಿಯಿಂದ ಬಂದರು. ಹೋಳಿಗೆಯ ಊಟವಾಯಿತು. ಕೋಣೆಯ ನಡುವೆ ಕುರ್ಚಿಯಿಟ್ಟು ಕೂರಿಸಿದರೆ ಭೀಮಕ್ಕ ಒಪ್ಪಲಿಲ್ಲ. "ಅವ್ವ ಹಾಡೂಮುಂದ ಕುರ್ಚಿ ಮ್ಯಾಲೆ ಕುಂದರ್ಲಿ ಏನು ನಾನು?" ಎಂದು ನೆಲದ ಮೇಲೆ ಒಂದು ಕಾಲು ಚಾಚಿ ಕುಳಿತರು. ಯೂಸುಫರು ಟೊಪ್ಪಿಗೆ ಸರಿಪಡಿಸಿಕೊಂಡರು. ದುರಗಪ್ಪನವರು ಮೊಬೈಲು ಒತ್ತಿದರು.

ಹನುಮಂತಮ್ಮನವರ ದನಿ ಬಂದಿತು. ಶುದ್ಧವಾದ ದನಿ. ಹಿಂದೆ ಏನೂ ಇಲ್ಲ, ಆಸ್ಪತ್ರೆಯ ಗೋಡೆಯಂತೆ ಬೆಳ್ಳಗೆ. ಭೀಮಕ್ಕ ಕಣ್ಣು ಮುಚ್ಚಿದರು, ತೆರೆದರು, ಸ್ಪೀಕರಿನ ಹಿಂದೆ ಇಣುಕಿ ನೋಡಿದರು.

"ಯಾರಿದು?"

"ಅವ್ವ."

"ಅಲ್ಲ. ಯಾರೋ ಹಾಡಾಕಿ ಕಡಿಂದ ಹಾಡಿಸೀರಿ. ಅವ್ವ ಹಿಂಗ ಕೈ ಕಟ್ಟಿಕೊಂಡು ನಿಂತು ಹಾಡಿದಾಕಿ ಅಲ್ಲ."

"ಅಕ್ಕಾ, ಅವ್ವನ್ದ ದನಿ ಅದು. ಹಿಂದ ಒಂದು ಗುರ್ರ್ ಅನ್ನೂ ಸಪ್ಪಳ ಇತ್ತು, ಒಂದೂವರಿ ವರ್ಷ ಹೋರಾಡಿ ತೆಗದೀನಿ."

ಭೀಮಕ್ಕನ ಚಾಚಿದ ಕಾಲು ನಿಧಾನವಾಗಿ ಮಡಿಚಿಕೊಂಡಿತು. "ಎಂಥಾ ಸಪ್ಪಳ?"

"ಗುರ್ರ್... ಗುರ್ರ್... ಏರಿ ಇಳಿದು, ಏರಿ ಇಳಿದು."

"ಲೇ ಖೋಡಿ, ಅದು ಬೀಸೂಕಲ್ಲು!" ಎಂದು ಭೀಮಕ್ಕ ಕೂಗಿದ್ದಕ್ಕೆ ಹಿತ್ತಲಿನಲ್ಲಿ ಚಂದ್ರವ್ವ ಬೆಚ್ಚಿ ಓಗೊಟ್ಟಿತು. "ಅವ್ವ ಬೀಸೂಮುಂದ ಹಾಡೂದು ಬಿಟ್ರ ಎಂದಾರ ಹಾಡ್ಯಾಳೇನು? ಕೋಳಿ ಕೂಗೂಕಿಂತ ಮದಲ ಎದ್ದು ಆಕಿ ಈ ಕಡಿ, ನಾ ಆ ಕಡಿ ಕುಂತು ಜ್ವಾಳ ಬೀಸ್ತಿದ್ವಿ. ಗೂಟದ ಮ್ಯಾಲೆ ಆಕಿ ಕೈ, ಆಕಿ ಕೈ ಮ್ಯಾಲೆ ನನ್ನ ಕೈ. ನಿನಗೆಲ್ಲಿಂದ ಗೊತ್ತಾಗಬೇಕು? ನೀ ಕಂಬಳಿಯಾಗ ಗೊರಕಿ ಹೊಡೀತಿದ್ದಿ. ನಾ ಬೀಸಿದ ಅರ್ಧಾ ಜ್ವಾಳಾನೂ ತೆಗದು ಒಗದೀಯಲ್ಲೋ! ನನ್ನ ಕ್ಯಾಸೆಟ್ಟು ಕೊಡು."

ದುರಗಪ್ಪನವರು ಕ್ಯಾಸೆಟ್ಟು ಕೊಟ್ಟರು. ಭೀಮಕ್ಕ ಅದನ್ನು ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಪುಡಿ ಗಲಗಲ ಎಂದಿತು. ಭೀಮಕ್ಕ ಚೀಲವನ್ನು ಎತ್ತಿಕೊಂಡು ಹೊಸ್ತಿಲಿನವರೆಗೆ ಹೋದರು. ಆ ಹೊಸ್ತಿಲನ್ನು ಒಮ್ಮೆ ದಾಟಿದರೆ ಅವರು ಮತ್ತೆ ತುಳಿಯುವವರಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

"ಅಕ್ಕಾರ, ಉಂಡ ಮ್ಯಾಲೆ ಒಂದು ಲೋಟ ಮಜ್ಜಿಗಿ ಕುಡುದು ಹೋಗ್ರಿ," ಎಂದು ರೇಣುಕಮ್ಮ ಬೇರೇನೂ ತೋಚದೆ ಅಂದರು. "ಮೊಸರು ಈಗ ತಗದೀನಿ, ಗಡಿಗಿ ಇನ್ನೂ ಬೆಚ್ಚಗೈತಿ."

ಬೆಚ್ಚಗಿನ ಗಡಿಗೆ ಎಂದದ್ದೇ ತಡ, ದುರಗಪ್ಪನವರು ಅಡುಗೆಮನೆಗೆ ಓಡಿದರು. ಅವರ ಹಿಂದೆ ಯೂಸುಫರು, ಯೂಸುಫರ ಹಿಂದೆ "ಮಡಿಯೊಳಗ ಕಾಲಿಡಬ್ಯಾಡ್ರಿ" ಎನ್ನುತ್ತ ರೇಣುಕಮ್ಮ. ಗಡಿಗೆ ಎತ್ತಿದರೆ ಕೆಳಗೆ ಹಳೆಯ ಡಬ್ಬಿ, ಹಾಲಿನ ಕಲೆಯ ಉಂಗುರಗಳನ್ನು ಹೊತ್ತು, ಮೂಲೆಯಲ್ಲಿ ಚಿಕ್ಕ ಹಸಿರು ದೀಪ ಮಿಟುಕಿಸುತ್ತ ಕುಳಿತಿತ್ತು. ಒಂದು ದಿನವೂ ಯಾರೂ ಅದನ್ನು ಆರಿಸಿರಲಿಲ್ಲ, ಅದರಿಂದ ಏನನ್ನೂ ಅಳಿಸಿರಲಿಲ್ಲ.

"ಆರಿಸಬ್ಯಾಡ್ರಿ!" "ಎಳೀಬ್ಯಾಡ್ರಿ!" "ಅದರ ಮ್ಯಾಲಿನ ಕೆನಿ ಒರಸ್ರಿ ಮದಲ!" ಎಂದು ಮೂವರೂ ಒಮ್ಮೆಗೇ ಕೂಗಾಡಿ, ಉದ್ದನೆಯ ತಂತಿಯೊಂದನ್ನು ಕೋಣೆಯಿಂದ ಅಡುಗೆಮನೆಗೆ ಎಳೆದರು. ಗ್ರಾನೈಟಿನ ಚಪ್ಪಡಿಯ ಮೇಲಿನ ಇಡ್ಲಿ ಪಾತ್ರೆಯ ಪೆಟ್ಟಿಗೆ ಮೂಲೆಗೆ ಸರಿಯಿತು. ದುರಗಪ್ಪನವರು ಮತ್ತೆ ಮೊಬೈಲು ಒತ್ತಿದರು.

ಗುರ್ರ್... ಗುರ್ರ್...

ಹೊಸ್ತಿಲ ಬಳಿ ನಿಂತಿದ್ದ ಭೀಮಕ್ಕ ಚೀಲವನ್ನು ಕೆಳಗಿಟ್ಟರು. ಅವ್ವನ ದನಿ ಕಲ್ಲಿನ ಬೆನ್ನೇರಿ ಬಂದಿತು. ಕಲ್ಲು ಏರಿದಾಗ ಏರಿತು, ಇಳಿದಾಗ ಉಸಿರು ತೆಗೆದುಕೊಂಡಿತು. ಭೀಮಕ್ಕ ಅಲ್ಲಿಯೇ ಕುಳಿತು ಒಂದು ಕಾಲು ಚಾಚಿದರು. ಅವರ ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ದುಂಡಗೆ ತಿರುಗತೊಡಗಿತು. ಹಾಗೆ ತಿರುಗುತ್ತಿರುವಾಗಲೇ ಹಾಡು ತಟ್ಟನೆ ನಿಂತು ಹನುಮಂತಮ್ಮನವರು ಸ್ಪೀಕರಿನಿಂದ ಗುಡುಗಿದರು: "ಲೇ ದುರಗ್ಯಾ, ಹೊತ್ತು ಮೂಡಾಕ ಬಂತು, ಏಳಲೇ! ಎಮ್ಮಿ ಹಗ್ಗ ಬಿಚ್ಚಿಕೊಂಡು ಹೊಂಟೈತಿ. ಎಮ್ಮಿಗಿರೂ ಚುರುಕು ನಿನಗಿಲ್ಲಲ್ಲೋ!"

"ಬಂದ್ನೆವ್ವಾ," ಎಂದುಬಿಟ್ಟರು, ಅರವತ್ತೆರಡು ವರ್ಷದ ದುರಗಪ್ಪನವರು.

ಭೀಮಕ್ಕ ನಕ್ಕರು, ಅತ್ತರು, ಮತ್ತೆ ನಕ್ಕರು. "ಇದನ್ನ ಮತ್ತೊಮ್ಮಿ ಹಚ್ಚು," ಎಂದರು. "ಹಾಡಲ್ಲ, ಬೈಗಳದ ಜಾಗ." ಆ ಜಾಗವನ್ನು ಅಂದು ಹನ್ನೊಂದು ಸಲ ಹಚ್ಚಲಾಯಿತು. ಯೂಸುಫರು ಪ್ರತಿ ಸಲವೂ, "ಕ್ಯಾ ಬಾತ್ ಹೈ," ಎಂದರು. ಮಜ್ಜಿಗೆ ಕುಡಿಯುವಾಗ ಭೀಮಕ್ಕ ತಮ್ಮನಿಗೆ ಒಂದೇ ಮಾತು ಹೇಳಿದರು: "ಕ್ಯಾಸೆಟ್ಟಿನ ಪುಡಿ ನಾ ಮರ್ತಿಲ್ಲ. ಅಕ್ಕಿ ತರ್ತೀನಿ, ಆದ್ರ ಅರ್ಧಾ ಚೀಲ."

ಈಗ ದುರಗಪ್ಪನವರು ಹೊಸ ಪೆಟ್ಟಿಗೆ ಕೊಳ್ಳುವುದನ್ನು ಬಿಟ್ಟಿದ್ದಾರೆ ಎಂದರೆ ಸುಳ್ಳಾದೀತು. ಆದರೆ ಯೂಸುಫರು ಯಾವುದಾದರೂ ಹೊಸ ಯಂತ್ರದ ಸುದ್ದಿ ತಂದರೆ ಅವರು ಮೊದಲು ಕೇಳುವುದು, "ಅದರ ಮ್ಯಾಲೆ ಮೊಸರು ಹೆಪ್ಪಾಗತೈತೇನು?" ಎಂದು. ಕಾಲುವೆಯ ನೀರಿನ ಮಟ್ಟವನ್ನು ಎರಡು ದಫ್ತರಗಳಲ್ಲಿ ಬರೆಯುತ್ತಿದ್ದ ಹಳೆಯ ರೂಢಿಯಂತೆ ಅವ್ವನ ಹಾಡಿಗೆ ಈಗ ಎರಡು ನಕಲುಗಳಿವೆ. ಒಂದು ಗಂಗಾವತಿಯ ಅಂಗಡಿಯಲ್ಲಿ, ಇನ್ನೊಂದು ಮರಳಿಯ ಟ್ರಂಕಿನಲ್ಲಿ. ಮೂಲ ಮಾತ್ರ ಗಡಿಗೆಯ ಕೆಳಗೆ. ಅದನ್ನು ಮುಟ್ಟಲು ರೇಣುಕಮ್ಮನವರ ಅಪ್ಪಣೆ ಬೇಕು.

ಹೋದ ತಿಂಗಳು ದುರಗಪ್ಪನವರು ಇಟಗಿಯ ಹಳೆಯ ಮನೆಯಿಂದ ಅವ್ವನ ಬೀಸುವ ಕಲ್ಲನ್ನು ತಂದು, ಸವೆದ ಮೈಯನ್ನು ಉಳಿಯಿಂದ ಹೊಡೆಸಿ ಒರಟು ಮಾಡಿಸಿ, ಎರಡು ಸ್ಪೀಕರುಗಳ ನಡುವೆ ಗ್ರಾನೈಟಿನ ಚಪ್ಪಡಿಯ ಮೇಲೆ ಕೂರಿಸಿದ್ದಾರೆ. ದಿನವೂ ಬೆಳಿಗ್ಗೆ ಆರಕ್ಕೆ ಹಾಡು ಹಚ್ಚಿ, ಎದುರಿಗೆ ಕಾಲು ಚಾಚಿ ಕುಳಿತು, ಅಕ್ಕ ಹಿಡಿಯುತ್ತಿದ್ದ ಕಡೆಯಿಂದ ಗೂಟ ಹಿಡಿದು ಅವ್ವನ ಲಯಕ್ಕೆ ಸರಿಯಾಗಿ ಜೋಳ ಬೀಸುತ್ತಾರೆ. ಹಿಟ್ಟು ಇನ್ನೂ ತರಿತರಿಯಾಗಿಯೇ ಬರುತ್ತಿದೆ. ರೇಣುಕಮ್ಮ ಅದರ ರೊಟ್ಟಿ ಬಡಿಯಲು ನಿರಾಕರಿಸಿರುವುದರಿಂದ, ಸದ್ಯಕ್ಕೆ ಅದೆಲ್ಲವನ್ನೂ ಚಂದ್ರವ್ವ ತಿನ್ನುತ್ತಿದೆ.